ಎಂಡ ತಗಲಕೂಡದು

ಹೋದ ತಿಂಗಳು ಮೊಮ್ಮಗಳ ಜೊತೆ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಮೇಘನಾಗೆ ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲು ಆಗುವುದಿಲ್ಲ ಎನ್ನುತ್ತಿದ್ದಳು. ಮೂಗಿನ ಎರಡೂ ಪಕ್ಕ, ಕೆನ್ನೆಯ ಮೇಲೆ, ಕುಂಕುಮ ಒರೆಸಿಕೊಂಡಂಥ ಕೆಂಪು. ಅವಳಮ್ಮ, ಅಂದರೆ ನನ್ನ ಮಗಳು, ಯಾವುದೋ ಕ್ರೀಮು ಒಗ್ಗಿಲ್ಲ ಎಂದುಕೊಂಡು ಸುಮ್ಮನಿದ್ದಳು. ಆ ಕೆಂಪನ್ನು ನೋಡಿದ ದಿನವೇ ಊಟ ಬಿಟ್ಟು ಹಟ ಮಾಡಿ ರಕ್ತ ಪರೀಕ್ಷೆಗೆ ಕಳಿಸಿದವಳು ನಾನು. ಅಜ್ಜಿಗೆ ಎಲ್ಲದಕ್ಕೂ ಗಾಬರಿ ಎಂದು ಮನೆಯಲ್ಲಿ ನಕ್ಕರು. ಲೂಪಸ್ ಎಂದು ರಿಪೋರ್ಟು ಬಂದ ಮೇಲೆ ಯಾರೂ ನಗಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳೆಂದು ತಿಳಿದ ಮೇಲೆ ಚೀಟಿಯ ಹಿಂಬದಿಯಲ್ಲಿ ಸುತ್ತು ಸುತ್ತಾಗಿ ಬರೆದು ವಿವರಿಸಿದಳು.

"ರಕ್ತದಲ್ಲಿ ಕಾದಾಡೋ ಕೋಶಗಳಿರೋದು ನಿಮಗೆ ಗೊತ್ತಲ್ಲ ಅಜ್ಜಿ. ರೋಗಾಣು ಬಂದ್ರೆ ಮೇಲೆ ಬೀಳ್ತವೆ. ಅವಕ್ಕೆ ಕೆಲವು ಸಲ ನಮ್ಮದು ಯಾವುದು, ಹೊರಗಿನದು ಯಾವುದು ಅನ್ನೋದೇ ತಪ್ಪಿಹೋಗತ್ತೆ. ಅದಕ್ಕೆ ಅವುಗಳ ಮಧ್ಯೆ ಇನ್ನೊಂದು ಥರದ ಕೋಶ ಇರ್ತವೆ. ರೆಗ್ಯುಲೇಟರಿ ಟಿ ಸೆಲ್ ಅಂತೀವಿ. 'ನಿಲ್ಲು, ಇದು ನಮ್ಮದೇ' ಅಂತ ತಡೆಯೋದಷ್ಟೇ ಅವುಗಳ ಕೆಲಸ."

"ಈ ಲೂಪಸ್ಸಿನಲ್ಲಿ ಅವು ಇರಲ್ವೇನಮ್ಮ?" ಎಂದೆ.

"ಇರ್ತವೆ. ಕೆಲವರಲ್ಲಿ ಕಮ್ಮಿ. ಕೆಲವರಲ್ಲಿ ಬೇಕಾದಷ್ಟು ಇದ್ರೂ ತಡೆಯೋ ಶಕ್ತಿ ಇರಲ್ಲ. ಇನ್ನು ಕೆಲವು ಸಲ ಅವು ಹೇಳ್ತವೆ, ಕಾದಾಡೋ ಕೋಶ ಕೇಳಲ್ಲ. ಯಾವುದು ಮೊದಲು ಕೆಡತ್ತೆ ಅನ್ನೋದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಆಮೇಲೆ ಮೇಘನಾಳ ಕಡೆ ತಿರುಗಿ ಬಿಸಿಲಿನ ವಿಷಯ ಹೇಳಿದಳು. ಬಿಸಿಲು ತಾಗಿದರೆ ಚರ್ಮದ ಕೋಶಗಳು ಸಾಯುತ್ತವೆ. ನಮ್ಮಂಥವರಿಗೆ ಅದೇನೂ ದೊಡ್ಡದಲ್ಲ, ಸತ್ತದ್ದನ್ನು ದೇಹ ಗುಡಿಸಿ ಹಾಕುತ್ತದೆ. ಈ ಕಾಯಿಲೆಯವರ ದೇಹಕ್ಕೆ ಆ ಸತ್ತ ಕೋಶದ ಒಳಗಿರುವುದೇ ಶತ್ರುವಾಗಿ ಕಾಣುತ್ತದೆ. ತಡೆಯುವವರು ಇಲ್ಲದ ಕಡೆ ಅಷ್ಟು ಸಾಕು. ಕೆನ್ನೆಯಲ್ಲಿ ಶುರುವಾದದ್ದು ಮೂತ್ರಪಿಂಡಕ್ಕೂ ಇಳಿಯಬಹುದು.

ನಾವು ಎದ್ದು ಬಾಗಿಲ ಹತ್ತಿರ ಬಂದಿದ್ದೆವು. ನಮ್ಮ ಹಿಂದಿನ ಸರದಿಯವರು ಚಿಂತಾಮಣಿ ಕಡೆಯ ತಾಯಿ ಮಗಳು, ತೆಲುಗಿನವರು. ಡಾಕ್ಟರು ಅವರಿಗೂ ಅದನ್ನೇ ಅವರ ಮಾತಿನಲ್ಲಿ ಹೇಳಿದಳು: "ಎಂಡ ತಗಲಕೂಡದಮ್ಮಾ."

ನನ್ನ ಕೈಯಲ್ಲಿದ್ದ ಫೈಲು ಜಾರಿ ಕಾಗದವೆಲ್ಲ ನೆಲದ ಮೇಲೆ ಹರಡಿತು. "ಏನಾಯ್ತಜ್ಜಿ?" ಎಂದಳು ಮೇಘನಾ. ಕೈ ಜೋಮು ಹಿಡಿದಿದೆ ಎಂದು ಸುಳ್ಳು ಹೇಳಿದೆ. ಆ ಮಾತನ್ನು ನಾನು ಅರವತ್ತು ವರ್ಷಗಳಿಂದ ಕೇಳಿಸಿಕೊಳ್ಳದ ಹಾಗೆ ಬದುಕಿಕೊಂಡು ಬಂದಿದ್ದೆ.

ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷದ ಮಾತಿದು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಕನ್ನಡ ಪಂಡಿತರು. ನಂಜನಗೂಡಿನಿಂದ ಚಿಂತಾಮಣಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ರುಕ್ಕಕ್ಕ, ಎಲ್ಲರೂ ಇಂದು ಎಂದು ಕರೆಯುತ್ತಿದ್ದ ನಾನು.

ಚಿಂತಾಮಣಿಯಲ್ಲಿ ಆಗ ಅಂಗಡಿಗೆ ಹೋದರೆ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ಆಡುವವರಿಗೇ ಗೊತ್ತಾಗುತ್ತಿರಲಿಲ್ಲ. ಅಪ್ಪನಿಗೆ ಇದು ಸಹಿಸುತ್ತಿರಲಿಲ್ಲ. ರಾಜ್ಯ ಒಂದಾಗಿ ನಾಲ್ಕೈದು ವರ್ಷವಾಗಿತ್ತಷ್ಟೆ, ಅವರಿಗೆ ಆ ಹುರುಪು ಇಳಿದಿರಲಿಲ್ಲ. "ಗಡಿ ಊರಲ್ಲಿ ಕನ್ನಡ ಪಂಡಿತನ ಮನೇಲೇ ತೆಲುಗು ಆಡಿದ್ರೆ ನಾನು ಕ್ಲಾಸಲ್ಲಿ ಯಾವ ಮುಖ ಇಟ್ಕೊಂಡು ಪಾಠ ಮಾಡ್ಲಿ?" ಎನ್ನುತ್ತಿದ್ದರು. ಒಂದು ಸಲ ನಾನು ಊಟಕ್ಕೆ ಕೂತು ತಮಾಷೆಗೆ "ಅನ್ನಂ ಪೆಟ್ಟು" ಅಂದೆ. ತಟ್ಟೆ ಮುಂದೆ ಇಟ್ಟುಕೊಂಡೇ ನೂರು ಸಲ "ಅನ್ನ ಬಡಿಸು" ಎಂದು ಬರೆಸಿದರು. ಅನ್ನ ಆರಿ ಗಟ್ಟಿಯಾಯಿತು. ಅಪ್ಪ ಹೊಡೆಯುವವರಲ್ಲ, ಆದರೆ ಅವರ ಮೌನಕ್ಕೆ ನಾನು ಏಟಿಗಿಂತ ಹೆಚ್ಚು ಹೆದರುತ್ತಿದ್ದೆ. ಅವತ್ತಿನಿಂದ ನನ್ನ ತೆಲುಗೆಲ್ಲ ಬೀದಿಯಲ್ಲೇ ಉಳಿಯಿತು. ಪಕ್ಕದ ಮನೆ ವೆಂಕಟಮ್ಮನವರ ಮಗಳು ನನ್ನ ಕ್ಲಾಸಿನವಳು. ಅವರ ಮನೆಯಲ್ಲಿ ಕದ್ದು ಕಲಿತು ಕದ್ದೇ ಆಡುತ್ತಿದ್ದೆ. ಅಮ್ಮ ಮತ್ತು ಅಕ್ಕ ಹೊರಗೆ ಹೋಗುವುದೇ ಕಡಿಮೆ, ಅವರಿಗೆ ಬರುತ್ತಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಅಕ್ಕನಿಗೆ ಕೀಲುನೋವು ಶುರುವಾಯಿತು. ಜಡೆ ಹೆಣೆದುಕೊಳ್ಳಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಹತ್ತೊಂಬತ್ತರ ಹುಡುಗಿ, ನನ್ನನ್ನು ಅಟ್ಟಾಡಿಸಿ ಹೊಡೆಯುತ್ತಿದ್ದವಳು, ಗೋಡೆ ಹಿಡಿದು ನಡೆಯುವ ಹಾಗಾದಳು. ಆಮೇಲೆ ಸಣ್ಣ ಜ್ವರ, ಆಮೇಲೆ ಕೆನ್ನೆಯ ಕೆಂಪು. ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಒಬ್ಬ ಹುಡುಗನ ಕಡೆಯವರು ಸಂಕ್ರಾಂತಿ ಕಳೆದ ಮೇಲೆ ನೋಡಲು ಬರುವ ಮಾತಾಗಿತ್ತು. ಅಮ್ಮನಿಗೆ ಕೀಲಿಗಿಂತ ಕೆನ್ನೆಯ ಚಿಂತೆ ಹೆಚ್ಚಾಯಿತು.

ವೆಂಕಟಮ್ಮನವರು ಹಿತ್ತಲ ಗೋಡೆಯ ಮೇಲಿಂದ ಒಂದು ಉಪಾಯ ಹೇಳಿದರು. ಈಚಲು ಹೆಂಡವನ್ನು ಬೆಚ್ಚಗೆ ಮಾಡಿ ಕೀಲಿಗೆ ತಿಕ್ಕಿದರೆ ಎಂಥ ನೋವೂ ಇಳಿಯುತ್ತದೆ, ತಮ್ಮ ಗದ್ದೆ ಕೆಲಸದವರೆಲ್ಲ ಅದನ್ನೇ ಮಾಡುವುದು ಎಂದರು. ನಮ್ಮ ಮನೆಯಲ್ಲಿ ಹೆಂಡ ಅನ್ನುವ ಹೆಸರೇ ಎತ್ತುವಂತಿರಲಿಲ್ಲ. ಅಮ್ಮ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಅಪ್ಪ ಸ್ಕೂಲಿಗೆ ಹೋದ ಮೇಲೆ ಗೋಡೆಯ ಮೇಲಿಂದ ಒಂದು ಸೀಸೆ ಈಚೆಗೆ ಬಂತು. ತಿಕ್ಕಿದ ಮೇಲೆ ಅಮ್ಮ ಸಾಂಬ್ರಾಣಿ ಹಾಕುತ್ತಿದ್ದಳು, ಅಕ್ಕನಿಗೆ ಎರಡೆರಡು ಸಲ ಸೀಗೆಪುಡಿ ಹಾಕಿ ಮೈ ಉಜ್ಜುತ್ತಿದ್ದಳು. ಅಪ್ಪನಿಗೆ ಕೊನೆಯವರೆಗೂ ವಾಸನೆ ಸಿಗಲಿಲ್ಲ. ನಾವು ಮೂರು ಜನ ಹೆಂಗಸರೂ ಸೇರಿ ಮುಚ್ಚಿಟ್ಟ ಗುಟ್ಟು ಅದು.

ಹೆಂಡಕ್ಕೆ ಜ್ವರ ಇಳಿಯಲಿಲ್ಲ. ದೀಪಾವಳಿ ಆದ ಮೇಲೆ ಅಮ್ಮ ಅಕ್ಕನನ್ನು ಪೇಟೆ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮದನಪಲ್ಲಿ ಕಡೆಯ ವಯಸ್ಸಾದವರು, ಬಹಳ ಅನುಭವಸ್ಥರು. ಅವರ ಕನ್ನಡದಲ್ಲಿ ಮುಕ್ಕಾಲು ಪಾಲು ತೆಲುಗೇ. ಊರಿನವರಿಗೆ ಅದು ತೊಡಕಾಗಿರಲಿಲ್ಲ, ಎಲ್ಲರಿಗೂ ಎರಡೂ ಬರುತ್ತಿತ್ತು. ಅವರು ಅಕ್ಕನ ಕೆನ್ನೆ ನೋಡಿದರಂತೆ, ಬೆರಳು ನೋಡಿದರಂತೆ. ಬೆಂಗಳೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ ಎಂದರಂತೆ. ಏಳುವಾಗ ಬೆರಳೆತ್ತಿ ಇನ್ನೊಂದು ಮಾತು ಹೇಳಿದರಂತೆ: "ಎಂಡ ತಗಲಕೂಡದು."

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತೆಲುಗಿನಲ್ಲಿ ಎಂಡ ಅಂದರೆ ಬಿಸಿಲು. ಬಿಸಿಲು ತಾಗಕೂಡದು ಎಂದು ಡಾಕ್ಟರು ಹೇಳಿದ್ದು. ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಕಾರ ಬಿಟ್ಟು ಮಾತಾಡುವವರು ಹೆಂಡಕ್ಕೆ ಎಂಡ ಎನ್ನುತ್ತಾರೆ. ಅಮ್ಮ ಅದನ್ನೇ ಕೇಳಿಸಿಕೊಂಡಳು. ತಾನು ಕದ್ದು ತಿಕ್ಕಿದ್ದನ್ನು ಡಾಕ್ಟರು ಮೂಗಿನಿಂದಲೇ ಹಿಡಿದುಬಿಟ್ಟರು ಎಂದುಕೊಂಡು ಅವಳು ಸೆರಗು ಹೊದ್ದು ಸರಸರನೆ ಹೊರಗೆ ಬಂದಳು. ಅಕ್ಕನೂ ಹಾಗೇ ತಿಳಿದು ದಾರಿಯುದ್ದಕ್ಕೂ ನಾಚಿಕೆಯಿಂದ ಅತ್ತಳಂತೆ. ಸುಮ್ಮನೆ ಇನ್ನೊಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಹೆಸರನ್ನು ಬಾಯಲ್ಲಿ ಆಡಿ ಹೇಗೆ ಕೇಳುವುದು?

ಮನೆಗೆ ಬಂದು ಅಮ್ಮ ಸೀಸೆಯನ್ನು ಗೋಡೆಯಾಚೆ ಕೊಟ್ಟುಬಿಟ್ಟಳು. "ಡಾಕ್ಟರು ಹೆಂಡ ಬೇಡ ಅಂದ್ರು, ವೆಂಕಟಮ್ಮ" ಎಂದು ಅಚ್ಚುಕಟ್ಟಾಗಿ ಹಕಾರ ಹಾಕಿ ಹೇಳಿದಳು. ಡಾಕ್ಟರು ಆಡಿದ ಹಾಗೇ ಆಡಿದ್ದರೆ ವೆಂಕಟಮ್ಮನವರಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಅಪ್ಪನಿಗೆ ಹೇಳಿದ್ದು ಇನ್ನೂ ಕಡಿಮೆ: ರಕ್ತ ಕೆಟ್ಟಿದೆಯಂತೆ, ಮಾತ್ರೆ ಕೊಟ್ಟಿದ್ದಾರೆ, ಬೆಂಗಳೂರಿಗೆ ಒಂದು ಸಲ ಹೋಗಿ ಬರಬೇಕಂತೆ. ಆಸ್ಪತ್ರೆಗೆ ಅಲೆಯುವುದು ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಎಂದು ಸಂಕ್ರಾಂತಿವರೆಗೆ ಅದನ್ನು ಮುಂದಕ್ಕೆ ಹಾಕಿದರು.

ನನಗೆ ಅಮ್ಮ ಅಡಿಗೆಮನೆಯಲ್ಲಿ ಗುಟ್ಟಾಗಿ ಹೇಳಿದಳು. "ಎಂಥ ಮೂಗೇ ಆ ಡಾಕ್ಟರಿಗೆ. 'ಎಂಡ ತಗಲಕೂಡದು' ಅಂದುಬಿಟ್ರು ಕಣೇ, ಇಂದೂ. ಹೆಂಡ ಅನ್ನೋಕೂ ಬರಲ್ಲ, ಎಂಡ ಅಂತಾರೆ." ಡಾಕ್ಟರ ರಾಗವನ್ನು ಹಾಗೇ ಎಳೆದು ಅಣಕಿಸಿದಳು. ನಾನು ನಕ್ಕೆ. ನಗುತ್ತಿರುವಾಗಲೇ ಒಳಗೆ ಏನೋ ಚುರುಕ್ಕೆಂದಿತು. ಮಧ್ಯಾಹ್ನ ನಾವು ಬೀದಿಯಲ್ಲಿ ಆಡುತ್ತಿದ್ದರೆ ವೆಂಕಟಮ್ಮನವರು ಬಾಗಿಲಲ್ಲಿ ನಿಂತು ಕೂಗುತ್ತಿದ್ದುದು ಇದೇ ಎಂಡ ಅಲ್ಲವೆ? ಆದರೆ ಬಿಸಿಲಿಗೆ ಹೋಗಬೇಡ ಎನ್ನುವ ಡಾಕ್ಟರು ಎಲ್ಲಾದರೂ ಇದ್ದಾರೆಯೇ? ಬಿಸಿಲಿನಿಂದ ಮೂಳೆ ಗಟ್ಟಿಯಾಗುತ್ತದೆ ಎಂದು ಅದೇ ತಿಂಗಳು ವಿಜ್ಞಾನದ ಮೇಷ್ಟರು ಪಾಠ ಮಾಡಿದ್ದರು, ನಾನು ಉತ್ತರ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಹೆಂಡ ಬೇಡ ಎನ್ನುವುದರಲ್ಲಿ ಅರ್ಥವಿತ್ತು. ಬುದ್ಧಿವಂತೆ ನಾನು, ಅನುಮಾನವನ್ನು ಪಾಠದಿಂದ ಮುಚ್ಚಿದೆ.

ಹೆಂಡ ತಿಕ್ಕಿದ ಪಾಪಕ್ಕೆ ಪ್ರಾಯಶ್ಚಿತ್ತ ಎಂಬಂತೆ ಅಮ್ಮ ಬಿಸಿಲು ಹಿಡಿದಳು. ಕಾರ್ತಿಕ ಮುಗಿದು ಚಳಿ ಬಿದ್ದಿತ್ತು. ಅಂಬಾಜಿದುರ್ಗದ ಬೆಟ್ಟದ ಮೇಲಿನ ಮಂಜು ಕರಗಿ, ಎಂಟು ಗಂಟೆಗೆಲ್ಲ ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಬಿಸಿಲು ಬರುತ್ತಿತ್ತು. ಅಮ್ಮ ಚಾಪೆ ಹಾಕಿ ಅಕ್ಕನನ್ನು ಕೂರಿಸಿ, ಮುಖಕ್ಕೂ ಮೈಗೂ ಹರಳೆಣ್ಣೆ ಹಚ್ಚಿ, ತಾನೂ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಕಿಟಕಿಯ ಹತ್ತಿರ ಬೀಜಗಣಿತ ಇಟ್ಟುಕೊಂಡು ಕೂತರೆ ಇಬ್ಬರೂ ಕಾಣುತ್ತಿದ್ದರು. ಅಂಥ ಚೆಂದದ ಬಿಸಿಲು. ಆ ಮಾಗಿಯಲ್ಲಿ ಒಂದು ದಿನವೂ ಮೋಡ ಬರಲಿಲ್ಲ. ಒಂದು ವಾರ ಮೋಡ ಕವಿದಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

"ಸಾಕಮ್ಮ, ಮುಖ ಉರೀತಿದೆ" ಎನ್ನುತ್ತಿದ್ದಳು ಅಕ್ಕ.

"ಉರಿದ್ರೆ ಒಳ್ಳೇದು ಕಣೇ. ಒಳಗಿರೋ ಶೀತ ಬಿಡ್ತಿದೆ ಅಂತ ಅರ್ಥ. ಇನ್ನೊಂದು ಹತ್ತು ನಿಮಿಷ ಕೂತ್ಕೊ ನನ್ನಪ್ಪ."

ಕೆಂಪು ಕೆನ್ನೆಯಿಂದ ಹಣೆಗೆ ಹೋಯಿತು, ಕತ್ತಿಗೆ ಇಳಿಯಿತು. ಒಳಗಿನ ಕಾವೆಲ್ಲ ಹೊರಗೆ ಬರುತ್ತಿದೆ ಎಂದು ಅಮ್ಮ ಇನ್ನಷ್ಟು ಹೊತ್ತು ಕೂರಿಸಿದಳು. ತಲೆ ಬಾಚಿದರೆ ಹಣಿಗೆ ತುಂಬ ಕೂದಲು ಬರತೊಡಗಿತು. ಅಕ್ಕ ಅದನ್ನು ಉಂಡೆ ಕಟ್ಟಿ ಕಿಟಕಿಯಿಂದ ನನ್ನ ಪುಸ್ತಕದ ಮೇಲೆ ಎಸೆಯುತ್ತಿದ್ದಳು. "ತಗೊ, ಜಡೆ ಉದ್ದ ಇಲ್ಲ ಅಂತ ಅಳ್ತಿದ್ಯಲ್ಲ, ನಂದು ಇಟ್ಕೊ." ಅವಳಿಗೆ ಆಗಲೂ ಚೇಷ್ಟೆ ಬಿಟ್ಟಿರಲಿಲ್ಲ. ನಗುತ್ತಿದ್ದ ಬಾಯಿಯ ಒಳಗೆ ಹುಣ್ಣಾಗಿದ್ದು ನನಗೆ ಕಾಣುತ್ತಿತ್ತು.

ವೆಂಕಟಮ್ಮನವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಗೂಡು ಶಿಡ್ಲಘಟ್ಟಕ್ಕೆ ಹೋಗುತ್ತಿತ್ತು. ಹುಳದ ಮನೆಗೆ ಕಿಟಕಿಯೆಲ್ಲ ಗೋಣಿ ಕಟ್ಟಿ ಕತ್ತಲೆ ಮಾಡಿಟ್ಟಿದ್ದರು. ಸಂಕ್ರಾಂತಿಗೆ ಇನ್ನೂ ಎರಡು ವಾರವಿದ್ದ ಒಂದು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಗೆಳತಿಯ ಜೊತೆ ನಾನೂ ಕೈಹಾಕಿದೆ. ಬೆಳಕಿಗೆ ಹಿಡಿದು ನೋಡೋಣವೆಂದು ಒಂದು ತಟ್ಟೆಯನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ. ವೆಂಕಟಮ್ಮನವರು ಓಡಿ ಬಂದು ತಟ್ಟೆಗೆ ಸೆರಗು ಅಡ್ಡ ಹಿಡಿದರು.

"ಎಂಡ ತಗಲಕೂಡದು, ಇಂದೂ. ಹುಳ ಸಾಯ್ತಾವೆ."

ಅಮ್ಮ ಅಣಕಿಸಿದ್ದ ಅದೇ ಮಾತು, ಅದೇ ರಾಗ. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಅಲ್ಲಿಂದ ಗೋಡೆಯಾಚೆ ನಮ್ಮ ಹಿತ್ತಲು ಕಾಣುತ್ತಿತ್ತು. ಅಕ್ಕ ಎಣ್ಣೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಸೂರ್ಯನ ಕಡೆ ಮುಖ ಎತ್ತಿ ಕೂತಿದ್ದಳು.

ಇಷ್ಟು ತಿಳಿದ ಮೇಲೆ ಓಡಿಹೋಗಿ ಅಮ್ಮನಿಗೆ ಹೇಳಿದೆ ಎಂದು ಬರೆಯಲು ನನಗೂ ಇಷ್ಟವೇ. ನಾನು ಹೇಳಲಿಲ್ಲ. ಅಂದು, ಮಾರನೆಯ ದಿನ, ಹೀಗೆ ಹನ್ನೊಂದು ದಿನ ಹೇಳಲಿಲ್ಲ. ಅಪ್ಪನಿಗೆ ಹೇಳಬೇಕಾದರೆ ಹೆಂಡದ ವಿಷಯ ಬರುತ್ತಿತ್ತು, ಅಮ್ಮನ ಮಾನ ಹೋಗುತ್ತಿತ್ತು. ನನಗೆ ತೆಲುಗು ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಅಮ್ಮನಿಗೆ ಹೇಳಿದರೆ, ಇಷ್ಟು ದಿನ ತನ್ನ ಕೈಯಿಂದಲೇ ಕೂರಿಸಿದ್ದು ಇದು ಎಂದು ಅವಳಿಗೆ ತಿಳಿಯುತ್ತಿತ್ತು. ಇವೆಲ್ಲ ದೊಡ್ಡ ಕಾರಣಗಳು. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು, ಅಷ್ಟೆ. ಪ್ರಿಪರೇಟರಿ ಪರೀಕ್ಷೆ ನಡೆಯುತ್ತಿತ್ತು, ಮುಗಿಯಲಿ ಎಂದುಕೊಂಡೆ. ಒಂದು ದಿನ ಮಾತ್ರ ಧೈರ್ಯ ಮಾಡಿ, "ಅಮ್ಮ, ಬಿಸಿಲು ಜಾಸ್ತಿ ಆಯ್ತೇನೋ" ಅಂದೆ. "ನಿನ್ನ ಕೆಲಸ ನೋಡ್ಕೊ ಹೋಗು, ಪರೀಕ್ಷೆ ಇಟ್ಕೊಂಡು ಡಾಕ್ಟರಿಕೆ ಮಾಡ್ತಾಳೆ" ಎಂದಳು. ನನಗೆ ಅಷ್ಟು ಸಾಕಾಯಿತು. ಹೇಳಿದ್ದೇನಲ್ಲ, ಅವಳು ಕೇಳಲಿಲ್ಲ ಎಂದು ಸಮಾಧಾನ ಮಾಡಿಕೊಂಡು ಪುಸ್ತಕ ತೆಗೆದೆ.

ಮೊನ್ನೆ ಆ ಡಾಕ್ಟರ ಹುಡುಗಿ ತಡೆಯುವ ಕೋಶಗಳ ವಿಷಯ ಹೇಳುವಾಗ ನನಗೆ ನನ್ನದೇ ಕಥೆ ಓದಿದ ಹಾಗಾಯಿತು. ಇರುತ್ತವೆ, ತಡೆಯುವುದಿಲ್ಲ. ಹೇಳುತ್ತವೆ, ಯಾರೂ ಕೇಳುವ ಹಾಗೆ ಹೇಳುವುದಿಲ್ಲ. ಆ ಮನೆಯಲ್ಲಿ ಅಕ್ಕನನ್ನು ಪ್ರೀತಿಸದೆ ಇದ್ದವರು ಯಾರಿದ್ದರು? ಎಲ್ಲರೂ ಅವಳನ್ನು ಉಳಿಸಲೆಂದೇ ಮೈಮುರಿದು ದುಡಿಯುತ್ತಿದ್ದೆವು. 'ನಿಲ್ಲು' ಅನ್ನಬೇಕಾದವಳು ನಾನೊಬ್ಬಳೇ ಇದ್ದೆ. ಮಕ್ಕಳಿಗೆ ಮೂವತ್ತು ವರ್ಷ ಪಾಠ ಮಾಡುವಾಗ ಬಿಸಿಲು ಮತ್ತು ಮೂಳೆಯ ಆ ಪುಟ ಬಂದಾಗಲೆಲ್ಲ ಓದಿಕೊಳ್ಳಿ ಎಂದು ಹೇಳಿ ಬಿಟ್ಟುಬಿಡುತ್ತಿದ್ದೆ.

ಹನ್ನೆರಡನೆಯ ದಿನ ಅಕ್ಕನ ಕಾಲು ಊದಿಕೊಂಡಿತು. ಬೆರಳಿಂದ ಒತ್ತಿದರೆ ಗುಳಿ ಬಿದ್ದದ್ದು ಹಾಗೇ ಉಳಿಯುತ್ತಿತ್ತು. ಬಚ್ಚಲಿನಿಂದ ಬಂದ ಅಮ್ಮ, ಮೂತ್ರ ಟೀ ಬಣ್ಣಕ್ಕೆ ಬಂದಿದೆ ಎಂದು ಅಪ್ಪನ ಹತ್ತಿರ ಪಿಸುಗುಟ್ಟಿದಳು. ಮಾತಿನ ನಡುವೆ ಅವಳ ಕೈ ಅಭ್ಯಾಸಬಲದಿಂದ ಚಾಪೆಯನ್ನು ಎತ್ತಿಕೊಳ್ಳುತ್ತಿತ್ತು. ಆಗ ನಾನು ಅಪ್ಪನನ್ನು ಜಗಲಿಗೆ ಕರೆದು ಎಲ್ಲ ಹೇಳಿದೆ. ಹೆಂಡ, ಸೀಸೆ, ಡಾಕ್ಟರ ಮಾತು, ಹುಳದ ಮನೆ.

ಅಪ್ಪ ಜಗಲಿಯ ಮೇಲೆ ಕೂತುಬಿಟ್ಟರು. "ಯಾವಾಗ ಗೊತ್ತಾಯ್ತು ನಿಂಗೆ?" ಎಂದರು.

"ಇವತ್ತು" ಎಂದೆ.

"ಒಳ್ಳೇದು ಮಾಡ್ದೆ, ತಕ್ಷಣ ಹೇಳ್ದೆ" ಎಂದು ನನ್ನ ತಲೆ ಸವರಿದರು. "ನಾನು ಮನೇಲಿ ತೆಲುಗು ಬೇಡ ಅನ್ನದೇ ಇದ್ದಿದ್ರೆ..." ಎನ್ನುತ್ತಾ ಚಪ್ಪಲಿಗೆ ಕಾಲು ಚಾಚಿದರು.

ಅವರು ಆಗಲೇ ಎದ್ದು ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದರು. ಮುಖ ಬೂದಿಯಾಗಿತ್ತು. ಹಿತ್ತಲಿಗೆ ಹೋಗಿ ಅಕ್ಕನನ್ನು ತಾವೇ ಎತ್ತಿಕೊಂಡು ಬಂದು ನಡುಮನೆಯಲ್ಲಿ ಮಲಗಿಸಿದರು. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರು.

"ಇದೇನ್ರಿ ಇದು? ಅವಳು ಬಿಸಿಲು ಕಾಯ್ಬೇಕು" ಎಂದಳು ಅಮ್ಮ.

ಅಪ್ಪ ನನ್ನನ್ನು ನೋಡಲಿಲ್ಲ. "ಮುಖ ಕಪ್ಪಾಗಿದೆ. ಗಂಡಿನ ಕಡೆಯೋರು ಬರ್ತಾರೆ. ಇನ್ನು ಬಿಸಿಲು ಬೇಡ" ಎಂದರು.

ಅವರ ಜೀವಮಾನದಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು. ಅಮ್ಮ ಅವರನ್ನು ನೋಡಿದ ನೋಟ ನನಗೆ ಇನ್ನೂ ಕಾಣುತ್ತದೆ. "ಮಗಳು ನರಳ್ತಿದ್ರೆ ನಿಮಗೆ ಬಣ್ಣದ ಚಿಂತೆ ಆಯ್ತಾ?" ಎಂದಳು. ಅಪ್ಪ ಕಂಬಳಿಯ ಗಂಟು ಬಿಗಿ ಮಾಡಿದರು.

ಎರಡು ದಿನಕ್ಕೆ ಚಿಕ್ಕ ರೈಲಿನಲ್ಲಿ ಬೆಂಗಳೂರಿಗೆ ಹೊರಟೆವು. ಆ ರೈಲು ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಹೋಗುತ್ತಿತ್ತು. ಅಕ್ಕನನ್ನು ಬೆಂಚಿನ ಮೇಲೆ ಅಮ್ಮನ ತೊಡೆಗೆ ತಲೆಯಿಟ್ಟು ಮಲಗಿಸಿದ್ದೆವು. ರೈಲು ತಿರುವು ತೆಗೆದುಕೊಂಡಾಗಲೆಲ್ಲ ಬಿಸಿಲು ಒಂದು ಕಿಟಕಿ ಬಿಟ್ಟು ಇನ್ನೊಂದು ಕಿಟಕಿಯಿಂದ ಬರುತ್ತಿತ್ತು. ಅಪ್ಪ ಡಬ್ಬಿಯ ಒಳಗೇ ಕೊಡೆ ಬಿಚ್ಚಿ ನಿಂತರು. ಶಿಡ್ಲಘಟ್ಟದಲ್ಲಿ ಹತ್ತಿದ ಗೂಡಿನ ವ್ಯಾಪಾರಿಗಳು, "ಏನ್ ಸ್ವಾಮಿ, ರೈಲೊಳಗೆ ಮಳೆ ಬರ್ತದಾ?" ಎಂದು ನಕ್ಕರು. ಅಪ್ಪನೂ ಅವರ ಜೊತೆ ಸ್ವಲ್ಪ ನಕ್ಕು, ಬಿಸಿಲು ಸರಿದ ಕಡೆಗೆ ಕೊಡೆ ಸರಿಸಿದರು. ಚಿಕ್ಕಬಳ್ಳಾಪುರ ದಾಟಿ ನಂದಿಬೆಟ್ಟ ಕಾಣುವವರೆಗೂ ಕೂರಲಿಲ್ಲ. ಅಮ್ಮ ಇಡೀ ದಾರಿ ಅವರ ಕಡೆ ಮುಖ ತಿರುಗಿಸಿ ನೋಡಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ದೊಡ್ಡ ಡಾಕ್ಟರು ಅಪ್ಪನಿಗೆ, "ಅವಳ ರಕ್ತವೇ ಅವಳ ಮೇಲೆ ತಿರುಗಿಬಿದ್ದಿದೆ. ಯಾಕೆ ಅನ್ನೋದು ನಮಗೆ ಗೊತ್ತಿಲ್ಲ" ಎಂದರು. ಆ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ. ಹೊಸ ಮಾತ್ರೆ ಕೊಟ್ಟರು. ಒಂದು ವಾರದಲ್ಲಿ ಕೆನ್ನೆಯ ಕೆಂಪು ಹೋಗಿ ಅಕ್ಕನ ಮುಖ ತಿಳಿಯಾಯಿತು. ಅಮ್ಮ ದೇವರಿಗೆ ಕೈಮುಗಿದಳು. ಮೂತ್ರಪಿಂಡ ಆಗಲೇ ಕೆಲಸ ನಿಲ್ಲಿಸಿತ್ತು.

ಒಂದು ಮಧ್ಯಾಹ್ನ ಅವಳ ಹಾಸಿಗೆಯ ಪಕ್ಕ ನಾನೊಬ್ಬಳೇ ಇದ್ದೆ. ಹೇಳಿಬಿಟ್ಟೆ. ಎಂಡ ಅಂದರೆ ಏನು, ಅಪ್ಪ ಯಾಕೆ ಕಂಬಳಿ ಕಟ್ಟಿದರು, ನನಗೆ ಹನ್ನೊಂದು ದಿನ ಮೊದಲೇ ಗೊತ್ತಿದ್ದದ್ದು, ಅಪ್ಪನ ಹತ್ತಿರ ಸುಳ್ಳು ಹೇಳಿದ್ದು. ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಸೂರು ನೋಡುತ್ತಾ ಮಲಗಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮಂಗೆ ಹೇಳ್ಬೇಡ" ಎಂದಳು. "ದಿನಾ ಬೆಳಿಗ್ಗೆ ಪಕ್ಕದಲ್ಲೇ ಕೂತಿರ್ತಿದ್ಲು ಕಣೇ. ಅವಳಿಗೆ ಯಾವತ್ತೂ ಹೇಳ್ಬೇಡ. ಆಣೆ ಮಾಡು."

ಅವಳ ಊದಿದ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಶಿವರಾತ್ರಿ ಕಳೆದು ನಾಲ್ಕನೆಯ ದಿನ ಅಕ್ಕ ಹೋದಳು. ಹದಿನೈದು ದಿನಕ್ಕೆ ನನ್ನ ಪರೀಕ್ಷೆ. ಅಪ್ಪ ಪರೀಕ್ಷೆ ಕೋಣೆಯ ಬಾಗಿಲವರೆಗೂ ಬಂದು ಬಿಟ್ಟು ಹೋದರು. ಪಾಸಾದೆ, ಒಳ್ಳೆಯ ಅಂಕವೇ ಬಂತು.

ಆಮೇಲಿನದು ದೊಡ್ಡ ಕಥೆಯೇನಲ್ಲ. ಅಪ್ಪ ತೆಲುಗು ಕಲಿತರು. ಐವತ್ತರ ಸಮೀಪದ ಕನ್ನಡ ಪಂಡಿತರು ಎರಡನೆಯ ತರಗತಿಯ ಪುಸ್ತಕ ಇಟ್ಟುಕೊಂಡು ಜಗಲಿಯಲ್ಲಿ ಕೂತು, ಹೋಗಿಬರುವವರನ್ನು ಇದಕ್ಕೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಅಮ್ಮ ಅವರ ಜೊತೆ ಬೇಕಾದಷ್ಟೇ ಮಾತಾಡಿದಳು, ಅವರು ಸಾಯುವವರೆಗೂ ಹಾಗೇ. ಬಿಸಿಲು ಬಿಡಿಸಿದ ಸಿಟ್ಟು ಅವಳಿಗೆ ಇಳಿಯಲೇ ಇಲ್ಲ. ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಿದ್ದಳು. ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಅಕ್ಕನಿಗೆ ಮಾಡಿದ ಆಣೆಯನ್ನು ನಾನು ಮುರಿಯಲಿಲ್ಲ.

ಮೇಘನಾಳ ಎರಡನೆಯ ಭೇಟಿಯಲ್ಲಿ ಡಾಕ್ಟರನ್ನು ಕೇಳಿದೆ. ಆ ಕಾಲದಲ್ಲಿ ಹನ್ನೊಂದು ದಿನ ಮೊದಲು ಬಿಸಿಲು ಬಿಡಿಸಿದ್ದರೆ ಒಬ್ಬಳು ಉಳಿಯುತ್ತಿದ್ದಳೇ ಎಂದು. ಯಾರ ವಿಷಯವೆಂದು ಅವಳು ಕೇಳಲಿಲ್ಲ. "ಗೊತ್ತಿಲ್ಲ ಅಜ್ಜಿ. ಬಿಸಿಲು ಕಾಯಿಲೆನ ಕೆರಳಿಸತ್ತೆ, ಆದ್ರೆ ಕಾಯಿಲೆ ಒಳಗೇ ಇರತ್ತೆ. ಹನ್ನೊಂದು ದಿನದಲ್ಲಿ ಏನೂ ವ್ಯತ್ಯಾಸ ಆಗದೇ ಇದ್ದಿರಬಹುದು, ಆಗಿರಲೂಬಹುದು" ಎಂದಳು. ಈಗ ಆ ತಡೆಯುವ ಕೋಶಗಳನ್ನೇ ಹೆಚ್ಚು ಮಾಡುವ ಔಷಧಿ ಹುಡುಕುತ್ತಿದ್ದಾರಂತೆ, ಇನ್ನೂ ಪರೀಕ್ಷೆಯ ಹಂತದಲ್ಲಿದೆಯಂತೆ. ಮೇಘನಾ ಮಾತ್ರೆಯಲ್ಲಿ ಸುಧಾರಿಸಿದ್ದಾಳೆ. ಕೊಡೆ ಹಿಡಿಯಲು ನಾಚಿಕೆ ಅಂತಾಳೆ. ನಾನೇ ಹಿಡಿದುಕೊಂಡು ಜೊತೆಗೆ ಹೋಗುತ್ತೇನೆ.

ಇದಕ್ಕೆಲ್ಲ ಬಹಳ ಹಿಂದೆ, ಅಮ್ಮ ತನ್ನ ಕೊನೆಯ ಎರಡು ವರ್ಷ ಚಿಕ್ಕಬಳ್ಳಾಪುರದಲ್ಲಿ ನನ್ನ ಮನೆಯಲ್ಲೇ ಇದ್ದಳು. ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ಹೋಗುವುದಕ್ಕೆ ಒಂದು ವಾರ ಮುಂಚೆ, ಬೆಳಗಿನ ಕಾಫಿ ಕುಡಿಸುತ್ತಿದ್ದಾಗ, ನನ್ನ ಕೈ ಹಿಡಿದು ನಿಲ್ಲಿಸಿದಳು.

"ಹೆಂಡ ಬಿಡು ಅಂದ್ರು, ಬಿಟ್ಟೆ. ದಿನಾ ಬಿಸಿಲಿಗೆ ಕೂರಿಸ್ದೆ. ಇನ್ನೇನು ಮಾಡ್ಬೇಕಿತ್ತೇ ನಾನು?"

"ಏನೂ ಇಲ್ಲಮ್ಮ. ಕಾಫಿ ಕುಡಿ."

"ನಿಮ್ಮಪ್ಪ ಬಿಸಿಲು ಬಿಡಿಸ್ದೇ ಇದ್ದಿದ್ರೆ ರುಕ್ಕು ಬದುಕ್ತಿದ್ಲು. ಬದುಕ್ತಿದ್ಲು ತಾನೆ? ನೀನು ಓದ್ಕೊಂಡೋಳು, ಹೇಳು."

ಲೋಟ ಕೆಳಗಿಟ್ಟೆ. ರೈಲಿನ ಡಬ್ಬಿಯಲ್ಲಿ ಕೊಡೆ ಹಿಡಿದು ನಿಂತವರ ಮಗಳು ನಾನು.

"ಬದುಕ್ತಿದ್ಲಮ್ಮ" ಎಂದೆ.